ರೆಪ್ಪೆಗೊಂದು ತಂತಿ

ಮಾನ್ಯ ಅಧ್ಯಕ್ಷರೇ, ಆಸ್ಪತ್ರೆಯ ಹೊಸ ಮುಖ್ಯ ವೈದ್ಯರೇ, ನಮ್ಮನ್ನೆಲ್ಲ ಇಲ್ಲಿ ಸೇರಿಸಿ, ಈಗ ನಮ್ಮನ್ನೇ ಬಿಟ್ಟು ಹೊರಟಿರುವ ಡಾಕ್ಟರಮ್ಮನವರೇ, ಸಿಸ್ಟರ್‌ಗಳೇ, ವಾರ್ಡಿನ ಅಣ್ಣಂದಿರೇ, ಅಕ್ಕಂದಿರೇ, ಮತ್ತು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಹಡಿಯಿಂದ ಇಳಿದು ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಕೊಟ್ಟವರಿಗೆ ನನ್ನ ಪರಿಚಯ ಅಷ್ಟಾಗಿ ಇದ್ದಂತಿಲ್ಲ. ನಾನು ಈ ಆಸ್ಪತ್ರೆಯ ಗೇಟಿನ ಪಕ್ಕದ ಕನ್ನಡಕದ ಅಂಗಡಿಯವನು. ಎರಡು ಕೈ ಚಾಚಿದರೆ ಎರಡು ಗೋಡೆಯೂ ಸಿಗುವಷ್ಟು ಅಂಗಡಿ. ಇಪ್ಪತ್ತೆರಡು ವರ್ಷದಿಂದ ಡಾಕ್ಟರಮ್ಮ ಚೀಟಿ ಬರೆದಿದ್ದಾರೆ, ನಾನು ಗಾಜು ಹಾಕಿದ್ದೇನೆ. ಅವರ ಕೈಬರಹ ಓದಲು ಬರುವುದು ಈ ಊರಿನಲ್ಲಿ ಇಬ್ಬರಿಗೆ ಮಾತ್ರ, ಔಷಧಿ ಅಂಗಡಿಯವರಿಗೆ ಮತ್ತು ನನಗೆ. ಬರೆದವರಿಗೇ ಬರುತ್ತದೋ ಇಲ್ಲವೋ, ಅದು ನನಗೆ ತಿಳಿಯದು.

ನನಗಿಂತ ಮುಂಚೆ ಮಾತಾಡಿದ ಇಬ್ಬರೂ ಕಣ್ಣಿನ ಪೊರೆ ತೆಗೆಯುವುದರ ಬಗ್ಗೆ, ಕಣ್ಣಿನ ಹಿಂದಿನ ನರದ ಬಗ್ಗೆ ಬಹಳ ಚೆನ್ನಾಗಿ ಹೇಳಿದರು. ನಾನು ಅಷ್ಟು ಒಳಗೆ ಹೋಗುವವನಲ್ಲ. ಬಾಗಿಲಲ್ಲೇ ನಿಲ್ಲುತ್ತೇನೆ. ನನ್ನ ಮಾತು ರೆಪ್ಪೆಯ ಬಗ್ಗೆ.

ಸಭಿಕರೇ, ರೆಪ್ಪೆಯನ್ನು ಯಾರಾದರೂ ನೋಡುತ್ತಾರೆಯೇ? ಕಣ್ಣು ನೋಡುತ್ತಾರೆ, ಹುಬ್ಬು ನೋಡುತ್ತಾರೆ, ಕಾಡಿಗೆ ನೋಡುತ್ತಾರೆ. ರೆಪ್ಪೆ ತನ್ನ ಪಾಡಿಗೆ ಏಳುತ್ತದೆ, ಬೀಳುತ್ತದೆ. ಅದು ಏಳುವುದನ್ನು ನಿಲ್ಲಿಸಿದ ದಿನವೇ ಅಂಥದ್ದೊಂದು ಇದೆ ಎಂದು ನಮಗೆ ಗೊತ್ತಾಗುವುದು.

ನಮ್ಮ ಮನೆಯಲ್ಲಿ ಅದು ಗೊತ್ತಾಗಿ ಎಂಟು ವರ್ಷವಾಯಿತು. ನಮ್ಮ ಮನೆಯವಳು ಮೂರನೇ ಸಾಲಿನಲ್ಲಿ ಕಂಬದ ಪಕ್ಕ ಕುಳಿತಿದ್ದಾಳೆ. ಎಲ್ಲರೂ ಒಟ್ಟಿಗೆ ತಿರುಗಬೇಡಿ, ಅವಳಿಗೆ ಇಷ್ಟವಾಗುವುದಿಲ್ಲ. ಅವಳು ಶಾಲೆಯ ವ್ಯಾನು ಓಡಿಸುತ್ತಾಳೆ. ಮಕ್ಕಳೆಲ್ಲ ಡ್ರೈವರಮ್ಮ ಎನ್ನುತ್ತಾರೆ. ನನಗೆ ಕೋಪ ಬಂದಾಗ ನಾನೂ ಹಾಗೇ ಎನ್ನುತ್ತೇನೆ. ಅವಳಿಗೆ ಕೋಪ ಬಂದಾಗ ನಾನು ಏನೂ ಎನ್ನುವುದಿಲ್ಲ.

ಮೊದಲು ಗಮನಿಸಿದವಳು ನಮ್ಮ ಮಗಳು. "ಅಪ್ಪಾ, ಅಮ್ಮ ಯಾಕೆ ಯಾವಾಗ್ಲೂ ಹುಬ್ಬು ಎತ್ಕೊಂಡೇ ಇರ್ತಾಳೆ?" ಎಂದು ಕೇಳಿದಳು. "ನನ್ನಂಥ ಗಂಡ ಸಿಕ್ಕಿದನಲ್ಲ ಅಂತ ಇನ್ನೂ ಆಶ್ಚರ್ಯ ಹೋಗಿಲ್ಲ ಕಣೇ" ಎಂದೆ. ನಕ್ಕೆವು. ಅಲ್ಲಿಗೆ ಬಿಟ್ಟೆವು. ಆಮೇಲೆ ಇವಳು ಗದ್ದ ಮೇಲೆತ್ತಿ ನಡೆಯಲು ಶುರು ಮಾಡಿದಳು. ಎದುರು ಮನೆಯ ಅಕ್ಕ ಒಂದು ದಿನ ಬೀದಿಯಲ್ಲೇ ನಿಲ್ಲಿಸಿ, "ಏನಮ್ಮ, ಈಚೆಗೆ ನಿನ್ನ ಕಣ್ಣಿಗೆ ನಾವ್ಯಾರೂ ಬೀಳ್ತಾನೇ ಇಲ್ಲ? ಮೂಗು ಆಕಾಶಕ್ಕೆ ಹೋಗಿದೆ?" ಎಂದು ಕೇಳಿದರು. ಪಾಪ, ಅವರು ಹೇಳಿದ್ದು ನಿಜವೇ ಆಗಿತ್ತು. ಬಲಗಡೆಯ ರೆಪ್ಪೆ ಕಣ್ಣಿನ ಪಾಪೆಯ ಅರ್ಧದವರೆಗೆ ಇಳಿದಿತ್ತು. ಎಡಗಡೆಯದು ಅದಕ್ಕಿಂತ ಸ್ವಲ್ಪ ವಾಸಿ. ಗದ್ದ ಎತ್ತದಿದ್ದರೆ ಇವಳಿಗೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ.

ಇಷ್ಟೆಲ್ಲ ಆಗುವಾಗ ನಾನು ಎಲ್ಲಿದ್ದೆ? ಅಂಗಡಿಯಲ್ಲಿದ್ದೆ. ದಿನಕ್ಕೆ ಮೂವತ್ತು ಜನರ ಕಣ್ಣಿನ ಮುಂದೆ ಸ್ಕೇಲು ಹಿಡಿದು ಅಳತೆ ತೆಗೆಯುತ್ತಿದ್ದೆ.

ಶಾಲೆಗೆ ದೊಡ್ಡ ರಜೆ ಸಿಗುವ ಹಿಂದಿನ ವಾರ, ನಾಲ್ಕು ರಸ್ತೆ ಕೂಡುವಲ್ಲಿ ಮೇಲೆ ತೂಗುಹಾಕಿರುವ ಸಿಗ್ನಲ್ಲಿನ ಕೆಂಪು ದೀಪ ಅವಳಿಗೆ ಕಾಣಲಿಲ್ಲ. ಪಕ್ಕದ ರಸ್ತೆಯಿಂದ ಬಂದ ಲಾರಿಯವನ ಹಾರ್ನ್ ಕೇಳಿ ಬ್ರೇಕು ಒತ್ತಿದಳು. ಯಾರಿಗೂ ಏನೂ ಆಗಲಿಲ್ಲ. ಹದಿನಾರು ಮಕ್ಕಳ ಚೀಲಗಳು ಮುಂದಕ್ಕೆ ಬಿದ್ದವು, ಅಷ್ಟೇ. ಆದರೆ ಶಾಲೆಯ ಆಫೀಸಿನಲ್ಲಿ ಆ ದಿನವೇ ಅವಳನ್ನು ಕರೆದು ಹೇಳಿದರು, "ರಜೆ ಮುಗಿಯೋದ್ರೊಳಗೆ ಕಣ್ಣಿನ ಡಾಕ್ಟರ ಸರ್ಟಿಫಿಕೇಟ್ ತನ್ನಿ. ಇಲ್ಲಾಂದ್ರೆ ವ್ಯಾನಿನ ಕೀ ಕೊಟ್ಟುಬಿಡಿ."

ಆರು ವಾರ ಟೈಮು. ಹದಿನೇಳು ವರ್ಷ ಓಡಿಸಿದ ವ್ಯಾನು. ಮನೆಗೆ ಬಂದು ಅವಳು ಅಳಲಿಲ್ಲ, ಬೈಯಲಿಲ್ಲ. ಕೀಯನ್ನು ಮೇಜಿನ ಮೇಲೆ ಇಟ್ಟು, "ರೀ, ನನಗೆ ಇನ್ನೇನು ಕೆಲಸ ಬರುತ್ತೆ?" ಎಂದು ಕೇಳಿದಳು. ಅಷ್ಟೇ ಕೇಳಿದ್ದು.

ಮಾರನೆಯ ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ಕೂತೆವು. ಈ ಕಡೆಯಿಂದ ಮೂರನೇ ಕೋಣೆ. ಅವರು ಕೂಡಲೇ ಕತ್ತಿ ಹಿಡಿಯುವವರಲ್ಲ, ನಿಮಗೆಲ್ಲ ಗೊತ್ತು. ಕೇಳಿದ್ದೇ ಕೇಳಿದ್ದು. ಇದು ಒಂದೇ ದಿನ ಬಂದದ್ದಾ, ನಿಧಾನವಾಗಿ ಬಂದದ್ದಾ? ಸಂಜೆಗೆ ಜಾಸ್ತಿ ಆಗುತ್ತಾ? ಒಂದು ಎರಡಾಗಿ ಕಾಣುತ್ತಾ? ನುಂಗೋದು ಕಷ್ಟ ಅನ್ಸುತ್ತಾ? ಸಕ್ಕರೆ ಕಾಯಿಲೆ ಇದೆಯಾ? ಕಣ್ಣಿನ ಮೇಲೆ ಐಸು ಇಟ್ಟು ಎರಡು ನಿಮಿಷ ಬಿಟ್ಟು ನೋಡಿದರು. ರಕ್ತ ಪರೀಕ್ಷೆಗೆ ಕಳಿಸಿದರು. ಹೊರಗೆ ಬಂದಮೇಲೆ ಇವಳು, "ರೆಪ್ಪೆ ಬಿತ್ತು ಅಂದ್ರೆ ಊಟ ನುಂಗ್ತೀಯಾ ಅಂತ ಕೇಳ್ತಾರಲ್ರೀ" ಎಂದಳು. ಆಮೇಲೆ ಡಾಕ್ಟರಮ್ಮನೇ ಬಿಡಿಸಿ ಹೇಳಿದರು. ಕೆಲವರಿಗೆ ನರದ ತೊಂದರೆಯಿಂದ, ಕೆಲವರಿಗೆ ಮೈಯ ಸ್ನಾಯುಗಳೆಲ್ಲ ಸೋಲುವ ಕಾಯಿಲೆಯಿಂದ ರೆಪ್ಪೆ ಬೀಳುತ್ತದಂತೆ. ಅಂಥವರಿಗೆ ಮೊದಲು ಆ ಕಾಯಿಲೆಗೇ ಮದ್ದು. ಇದ್ದಕ್ಕಿದ್ದಂತೆ ಒಂದೇ ದಿನದಲ್ಲಿ ಬಿದ್ದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಓಡಬೇಕಂತೆ. ಇವಳದು ಹಾಗಲ್ಲ. "ರೆಪ್ಪೆ ಎತ್ತೋ ಸ್ನಾಯು ಚೆನ್ನಾಗೇ ಇದೆ. ಅದನ್ನ ರೆಪ್ಪೆಗೆ ಕಟ್ಟಿರೋ ನಾರು ಸಡಿಲ ಆಗಿದೆ. ಪರದೆ ಸರಿ ಇದೆ, ದಾರ ಜೋತು ಬಿದ್ದಿದೆ" ಎಂದರು.

ದಾರಿಗಳನ್ನೂ ಹೇಳಿದರು. ಒಂದು ಬಗೆಯ ಹನಿ ಇದೆ, ಹಾಕಿದರೆ ಕೆಲವು ಗಂಟೆ ಸ್ವಲ್ಪ ಏಳುತ್ತದೆ, ಆದರೆ ಇಷ್ಟು ಇಳಿದ ರೆಪ್ಪೆಗೆ ಅದು ಸಾಲದು. ಅಂಟುಪಟ್ಟಿ ಹಚ್ಚಬಹುದು, ಬೆವರಿಗೆ ನಿಲ್ಲುವುದಿಲ್ಲ. ಕನ್ನಡಕದ ಒಳಗೆ ಸಣ್ಣ ತಂತಿ ಕೂರಿಸಿ ರೆಪ್ಪೆಯನ್ನು ಅದರ ಮೇಲೆ ಆನಿಸಬಹುದು. ಅಥವಾ ಆಪರೇಷನ್ ಮಾಡಿ ಆ ಸಡಿಲವಾದ ನಾರನ್ನು ಎಳೆದು ಹೊಲಿಯಬಹುದು. ಸ್ನಾಯುವಿನಲ್ಲಿ ಶಕ್ತಿಯೇ ಇಲ್ಲದವರಿಗೆ ರೆಪ್ಪೆಯನ್ನು ಹುಬ್ಬಿನ ಮೇಲಿನ ಸ್ನಾಯುವಿಗೇ ತೂಗುಹಾಕುತ್ತಾರಂತೆ, ಇವಳಿಗೆ ಅದು ಬೇಡ. "ನಿಮಗೆ ಆಪರೇಷನ್ನೇ ಸರಿ. ಆದ್ರೆ ಬಾತುಕೊಳ್ಳುತ್ತೆ, ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ದೆ ಬರುತ್ತೆ ಅಂತ ಮಾತು ಕೊಡೋಕೆ ಆಗಲ್ಲ, ಇನ್ನೊಂದು ಸಲ ಸರಿ ಮಾಡಬೇಕಾಗಿ ಬಂದ್ರೂ ಬರಬಹುದು. ಯೋಚನೆ ಮಾಡಿ. ತಂತಿ ಅಂತಾದ್ರೆ ನನ್ನ ಹತ್ರ ಬಂದು ಅಳತೆ ಬರೆಸ್ಕೊಂಡು ಹೋಗಿ" ಎಂದರು.

ಇವಳು ಆಪರೇಷನ್ ಎಂಬ ಮಾತಿಗೇ ನನ್ನ ಕೈ ಹಿಡಿದುಕೊಂಡಿದ್ದಳು. ನನಗೋ, ಸಭಿಕರೇ, ತಂತಿ ಎಂಬ ಮಾತು ಕೇಳಿದ ಮೇಲೆ ಬೇರೆ ಯಾವುದೂ ಕಿವಿಗೆ ಬೀಳಲಿಲ್ಲ. ತಂತಿ! ಜೀವಮಾನವೆಲ್ಲ ನಾನು ಬಗ್ಗಿಸಿದ್ದು ಇನ್ನೇನನ್ನು? ಹೊರಗೆ ಬಂದು, "ನೀನು ಯಾಕೆ ಹೆದರ್ತೀಯ? ನಾನಿದ್ದೀನಲ್ಲ" ಎಂದೆ. ಅಳತೆ ಬರೆಸಿಕೊಳ್ಳಲು ಹೋದೆನಾ? ಹೋಗಲಿಲ್ಲ. ನನ್ನ ಹೆಂಡತಿಯ ಕಣ್ಣಿಗೆ ನಾನು ಇನ್ನೊಬ್ಬರಿಂದ ಅಳತೆ ತರುವುದೇ?

ಎರಡು ದಿನ ಕೂತು ಮಾಡಿದೆ. ಗುಂಡುಸೂಜಿಯಷ್ಟು ದಪ್ಪದ ತಂತಿ, ಅದಕ್ಕೆ ಮೆತ್ತನೆಯ ಕೊಳವೆ, ತುದಿ ಚುಚ್ಚದಂತೆ ಸುತ್ತಿ, ಫ್ರೇಮಿನ ಒಳಗಡೆ ಬೆಸುಗೆ. ಹಾಕಿದೆ. ಎರಡು ಕಣ್ಣೂ ತೆರೆದವು! ಎಷ್ಟೋ ದಿನವಾದ ಮೇಲೆ ಅವಳು ಗದ್ದ ಇಳಿಸಿ ನನ್ನನ್ನು ನೇರವಾಗಿ ನೋಡಿದಳು. "ರೀ, ನಿಮ್ಮ ಮೀಸೆ ಇಷ್ಟು ಬೆಳ್ಳಗಾಗಿದ್ದು ಯಾವಾಗ?" ಎಂದು ಕೇಳಿದಳು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಔಷಧಿ ಅಂಗಡಿಯವರನ್ನು ಕರೆದು ತೋರಿಸಿದೆ. ಗಿರಾಕಿಗಳಿಗೆ ತೋರಿಸಿದೆ. ಎದುರು ಮನೆಯ ಅಕ್ಕನಿಗೆ ವಿಶೇಷವಾಗಿ ತೋರಿಸಿದೆ.

ಆಮೇಲೆ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಒಂದಿಷ್ಟು ಬಗ್ಗಿಸಿ, ನಾನೇ ಅವಳ ಮುಖಕ್ಕೆ ಹಾಕುತ್ತಿದ್ದೆ. ಬಲಗಡೆಯ ರೆಪ್ಪೆ ಹೆಚ್ಚು ಇಳಿದಿತ್ತಲ್ಲ, ಅಲ್ಲಿ ಇನ್ನೂ ಒಂದು ಕೂದಲೆಳೆಯಷ್ಟು ಮೇಲಕ್ಕೆ. ಮರುದಿನ ಇನ್ನೊಂದು ಕೂದಲು. "ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಿದ್ದಳು. ಕಣ್ಣು ಕೆಂಪಗಾಯಿತು. "ರಸ್ತೆ ಧೂಳು" ಎಂದಳು. ನೀರು ಸುರಿಯಿತು. "ಈರುಳ್ಳಿ ಹೆಚ್ಚಿದೆ" ಎಂದಳು. ಸಭಿಕರೇ, ಆ ದಿನ ನಮ್ಮ ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ. ನನಗೂ ಅದು ಗೊತ್ತಿತ್ತು.

ಮೂರನೇ ವಾರ ತೋರಿಸಲು ಬಂದೆವು. ಸರ್ಟಿಫಿಕೇಟ್ ಕೇಳಲೆಂದೇ ಬಂದದ್ದು. ಡಾಕ್ಟರಮ್ಮ ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ನೀಲಿ ದೀಪ ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕವನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು.

"ಈ ತಂತಿ ಕಟ್ಟಿದ ಪುಣ್ಯಾತ್ಮ ಯಾರು?"

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ. ನನಗಿಂತ ಮುಂಚೆ ಇವಳು ಹೇಳಿದಳು, "ಯಾರೋ ಮೇಡಂ. ಮಾರ್ಕೆಟ್ ಹಿಂದೆ ಒಬ್ಬ ಕೂತಿರ್ತಾನೆ."

ಆ ಮಾರ್ಕೆಟ್ ಹಿಂದಿನವನಿಗೆ ಆ ದಿನ ಬಿದ್ದ ಬೈಗುಳವನ್ನು ನಾನು ಈ ಸಭೆಯಲ್ಲಿ ಹೇಳಲಾರೆ. ಸಿಸ್ಟರ್ ಒಬ್ಬರು ಬಾಗಿಲು ಹಾಕಿಕೊಂಡು ಹೋದರು. "ಅವನು ಕಣ್ಣು ತೆರೆಸೋದು ಕಲ್ತಿದ್ದಾನೆ, ಮುಚ್ಚಿಸೋದು ಕಲ್ತಿಲ್ಲ. ರೆಪ್ಪೆ ಇರೋದೇ ಮುಚ್ಚೋಕೆ! ಮುಚ್ಚಿದಾಗಲೇ ಕಣ್ಣು ಒದ್ದೆ ಆಗೋದು. ಈ ತಂತಿ ಹಾಕ್ಕೊಂಡು ಇವರಿಗೆ ರೆಪ್ಪೆ ಪೂರ್ತಿ ಬಡಿಯೋಕೇ ಆಗಿಲ್ಲ. ಬಲಗಣ್ಣು ಒಣಗಿ ಮೇಲೆಲ್ಲ ಗಾಯ ಆಗಿದೆ" ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ಏನ್ರೀ ಕನ್ನಡಕದವರೇ, ನೀವು ಇಷ್ಟು ತಿಳಿದವರು, ಅಂಥವನ ಕೈಗೆ ಹೆಂಡತಿ ಕಣ್ಣು ಕೊಡ್ತಾರಾ?" ಎಂದು ಕೇಳಿದರು.

ನಾನು "ತಪ್ಪಾಯ್ತು ಮೇಡಂ" ಎಂದೆ.

ರಸ್ತೆಯಲ್ಲಿ ನಾನು ಇವಳನ್ನು ಕೇಳಿದೆ, "ಸುಳ್ಳು ಯಾಕೆ ಹೇಳಿದೆ?"

"ಇನ್ನೇನ್ ಹೇಳ್ಲಿ? ಅವರ ಚೀಟಿ ಹಿಡ್ಕೊಂಡೇ ತಾನೇ ನಿಮ್ಮ ಅಂಗಡಿಗೆ ಜನ ಬರೋದು."

"ಉರಿಯುತ್ತೆ ಅಂತ ನನಗಾದ್ರೂ ಹೇಳಬಾರದಿತ್ತಾ?"

ಅವಳು ಕನ್ನಡಕ ಮಡಿಸಿ ನನ್ನ ಜೇಬಿಗೆ ಹಾಕಿದಳು. ಆಮೇಲೆ ಹೇಳಿದಳು, "ದಿನಾ ಬೆಳಿಗ್ಗೆ ನೀವೇ ಒರೆಸಿ, ನೀವೇ ಹಾಕ್ತಿದ್ರಿ. ಇಷ್ಟು ವರ್ಷದಲ್ಲಿ ಅಷ್ಟು ಹತ್ತಿರ ಬಂದು ನನ್ನ ಮುಖ ನೋಡಿದ್ದು ಆಗಲೇ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ."

ಕ್ಷಮಿಸಿ. ಇದನ್ನು ನಾನು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಒಂದು ಗುಟುಕು ನೀರು ಕುಡಿಯುತ್ತೇನೆ.

ಗಾಯ ಮಾಯಲು ಮುಲಾಮು ಹಾಕಿ ಎರಡು ವಾರ ಕಾಯಬೇಕಾಯಿತು. ಅಷ್ಟರಲ್ಲಿ ಆರು ವಾರದಲ್ಲಿ ಐದು ವಾರ ಮುಗಿದಿತ್ತು. ಈ ಸಲ ಇವಳೇ ಹೇಳಿದಳು, "ಆಪರೇಷನ್ ಮಾಡಿಬಿಡಿ ಮೇಡಂ. ಹೆದರಿಕೆ ಇದೆ. ಇರಲಿ." ಆಗ ಡಾಕ್ಟರಮ್ಮ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ರೆಪ್ಪೆ ಇಳಿಯೋಕೆ ಮುಂಚೆ ಇವರ ಕಣ್ಣು ಹೇಗಿತ್ತು? ಎಲ್ಲಿವರೆಗೆ ತೆರೀತಿತ್ತು?"

ಸಭಿಕರೇ, ಅವಳ ಎರಡು ಪಾಪೆಗಳ ನಡುವಿನ ಅಂತರ ಕೇಳಿ, ಅರವತ್ತೊಂದು ಮಿಲಿಮೀಟರ್ ಎಂದು ನಿದ್ದೆಯಲ್ಲೂ ಹೇಳುತ್ತೇನೆ. ಕಣ್ಣು ಹೇಗಿತ್ತು ಎಂದರೆ ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ "ಹೋಗಲಿ, ಹಳೇ ಫೋಟೋ ತನ್ನಿ" ಎಂದರು. ಮನೆಯಲ್ಲಿ ಡಬ್ಬಿ ಸುರಿದುಕೊಂಡು ಕೂತೆವು. ಮದುವೆಯ ಫೋಟೋಗಳಲ್ಲೆಲ್ಲ ತಲೆ ತಗ್ಗಿಸಿದ್ದಾಳೆ. ಮಗಳು ಹುಟ್ಟಿದ ಮೇಲಿನ ಫೋಟೋಗಳಲ್ಲೆಲ್ಲ ಮಗಳನ್ನು ನೋಡುತ್ತಿದ್ದಾಳೆ. ಪ್ರವಾಸದ ಫೋಟೋಗಳಲ್ಲಿ ಕಪ್ಪು ಕನ್ನಡಕ. ಅದು ನನ್ನ ಅಂಗಡಿಯದೇ. ಕೊನೆಗೆ ಸಿಕ್ಕಿದ್ದು ಅವಳ ಮೊದಲ ಡ್ರೈವಿಂಗ್ ಲೈಸೆನ್ಸಿನ ಫೋಟೋ. ನೇರವಾಗಿ ನೋಡಿ ಎಂದು ಅಲ್ಲಿ ಯಾರೋ ಗದರಿಸಿರಬೇಕು. ಎರಡು ಕಣ್ಣೂ ಅಗಲವಾಗಿ ತೆರೆದಿದ್ದಾಳೆ. ಮಗಳು ಅದನ್ನು ನೋಡಿ, "ಅಮ್ಮಾ, ನೀನು ಇಷ್ಟು ಚೆನ್ನಾಗಿದ್ಯಾ!" ಎಂದಳು. ನಾನು ಅದನ್ನೇ ನೋಡುತ್ತಿದ್ದೆ.

ಆಪರೇಷನ್ ದಿನ ಆ ಲೈಸೆನ್ಸನ್ನು ಡಾಕ್ಟರಮ್ಮ ಗೋಡೆಗೆ ಅಂಟಿಸಿದ್ದರಂತೆ. ಇವಳಿಗೆ ಎಚ್ಚರವಿತ್ತು, ಇಂಜೆಕ್ಷನ್ ಬರೀ ರೆಪ್ಪೆಗೆ. ಹೊಲಿಗೆ ಗಟ್ಟಿ ಮಾಡುವ ಮುಂಚೆ ಮೇಜಿನ ಮೇಲೆ ಎದ್ದು ಕೂರಿಸಿ, "ಎದುರು ನೋಡಿ, ಈಗ ಮುಚ್ಚಿ, ಮತ್ತೆ ನೋಡಿ" ಎಂದು ನಾಲ್ಕು ಸಲ ಮಾಡಿಸಿದರಂತೆ. ಆಮೇಲೆ ಪಕ್ಕದ ಸಿಸ್ಟರ್‌ಗೆ, "ಬಲಗಡೆ ಒಂದು ಮಿಲಿಮೀಟರ್ ಕೆಳಗೇ ಬಿಡ್ತೀನಿ. ಒಣಗಿದ ಕಣ್ಣು, ಪೂರ್ತಿ ಮುಚ್ಚಬೇಕು" ಎಂದರಂತೆ.

ವಾರಕ್ಕೆ ಹೊಲಿಗೆ ಬಿಚ್ಚಿದರು. ಮುಖವೆಲ್ಲ ಬಾತು, ನೀಲಿಗಟ್ಟಿ, ಯಾರೊಂದಿಗೋ ಜಗಳ ಮಾಡಿ ಬಂದವಳ ಹಾಗೆ ಇದ್ದಳು. ಎದುರು ಮನೆಯ ಅಕ್ಕ ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಅಷ್ಟರಲ್ಲಿ ಶಾಲೆ ತೆರೆದಾಗಿತ್ತು. ಕೀಯನ್ನು ಬೇರೆಯವನ ಕೈಗೆ ಕೊಟ್ಟಿದ್ದರು. ಹನ್ನೆರಡು ದಿನ, ಬೆಳಿಗ್ಗೆ ಆ ವ್ಯಾನು ನಮ್ಮ ಬೀದಿಗೆ ಬರುವ ಹೊತ್ತಿಗೆ ಇವಳು ಕಿಟಕಿ ಮುಚ್ಚಿ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದಳು. ಹದಿಮೂರನೇ ದಿನ ಇಲ್ಲಿ, ಬೋಗುಣಿಯಂಥ ಆ ಯಂತ್ರದಲ್ಲಿ ತಲೆಯಿಟ್ಟು, ಮೇಲೆ ಕೆಳಗೆ ಮಿಣುಕುವ ಚುಕ್ಕಿಗಳನ್ನೆಲ್ಲ ನೋಡಿ ಗುಂಡಿ ಒತ್ತಿದಳು. ಮೇಲಿನ ಚುಕ್ಕಿ ಒಂದೂ ತಪ್ಪಲಿಲ್ಲ. ಡಾಕ್ಟರಮ್ಮ ಸರ್ಟಿಫಿಕೇಟ್ ಬರೆದರು. ಅಷ್ಟು ದುಂಡಗೆ ಅವರು ಬರೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಶಾಲೆಯ ಗುಮಾಸ್ತರು ಒಂದೇ ಓದಿಗೆ ಓದಿ ಕೀ ಕೊಟ್ಟರು.

ಇಲ್ಲಿಗೆ ಮುಗಿಸಬಹುದಿತ್ತು. ನಾನು ಬರೆದುಕೊಂಡು ಬಂದದ್ದೂ ಇಲ್ಲಿಯವರೆಗೆ ಮಾತ್ರ. ಆದರೆ ಹೋದ ವಾರ ಒಂದು ಮಾತು ನಡೆಯಿತು.

ಡಾಕ್ಟರಮ್ಮ ತಾವು ನೋಡಿದ ಹಳಬರನ್ನೆಲ್ಲ ಕೊನೆಯ ಸಲ ಕರೆಸುತ್ತಿದ್ದರು. ಇವಳ ಮುಖ ಹಿಡಿದು ನೋಡಿ ಹೇಳಿದರು, "ಬಲಗಡೆ ಈ ಒಂದು ಮಿಲಿಮೀಟರ್ ನನ್ನ ಕೊರತೆ. ಆವತ್ತು ಹೆದರಿಬಿಟ್ಟೆ. ಇನ್ನೂ ಸ್ವಲ್ಪ ಎತ್ತಬಹುದಿತ್ತು. ನೋಡಿದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತೆ. ಹೋಗೋ ಮುಂಚೆ ಸರಿ ಮಾಡಿಕೊಡ್ಲಾ?" ಇವಳು, "ಬೇಡ ಮೇಡಂ. ಮುಚ್ಚುತ್ತೆ, ತೆರೆಯುತ್ತೆ, ಸಿಗ್ನಲ್ ಕಾಣುತ್ತೆ. ನನಗೆ ಸಾಕು" ಎಂದಳು. ಮೊನ್ನೆ ನಾನು ಇವಳಿಗೆ ಹೇಳಿದೆ, "ತಂತಿ ಕಟ್ಟಿದ್ದು ನಾನೇ ಅಂತ ಸಭೆಯಲ್ಲಿ ಹೇಳಿಬಿಡ್ತೀನಿ." ಅವಳು, "ಸುಮ್ನಿರ್ರೀ. ಎಂಟು ವರ್ಷ ಆಯ್ತು. ಅವರು ನಗ್ತಾ ಹೋಗಲಿ" ಎಂದಳು.

ನಗುತ್ತಲೇ ಹೋಗಲಿ. ಆದರೆ ಇಷ್ಟು ವರ್ಷ ಸಾವಿರಾರು ಕಣ್ಣು ತೆರೆಸಿದವರು, ನನ್ನ ಕೊರತೆಯನ್ನು ತಮ್ಮದೆಂದು ಕಟ್ಟಿಕೊಂಡು ಹೋಗುವುದು ನ್ಯಾಯವೇ?

ಡಾಕ್ಟರಮ್ಮ, ಮಾರ್ಕೆಟ್ ಹಿಂದೆ ಯಾರೂ ಕೂತಿರಲಿಲ್ಲ. ಆ ತಂತಿ ಕಟ್ಟಿದವನು ನಾನು. ಅಳತೆ ತರದೆ, ದಿನಕ್ಕೊಂದು ಕೂದಲು ಮೇಲಕ್ಕೆ ಬಗ್ಗಿಸಿದವನು ನಾನು. ನೀವು ಹೆದರಿದ್ದು ನಾನು ಮಾಡಿದ ಗಾಯಕ್ಕೆ. ಆ ಒಂದು ಮಿಲಿಮೀಟರ್ ನಿಮ್ಮದಲ್ಲ, ನನ್ನದು. ಅದಾದ ಮೇಲೆ ಆಪರೇಷನ್ ತಾಳಲಾರದ ಎಷ್ಟೋ ಮಂದಿ ಹಿರಿಯರನ್ನು ನೀವು ತಂತಿಗೆಂದು ನನ್ನ ಬಳಿ ಕಳಿಸಿದಿರಿ. ಪ್ರತಿ ಚೀಟಿಯ ಕೆಳಗೂ "ಮುಚ್ಚುತ್ತದೆಯೇ, ನೋಡಿ" ಎಂದು ಎರಡು ಗೆರೆ ಎಳೆದು ಬರೆಯುತ್ತಿದ್ದಿರಿ. ನಾನು ಅವರನ್ನು ಎದುರಿಗೆ ಕೂರಿಸಿಕೊಂಡು ರೆಪ್ಪೆ ಬಡಿಯಲು ಹೇಳಿ, ನೂರು ಎಣಿಸಿ, ಆಮೇಲೆ ಕಳಿಸಿದ್ದೇನೆ. ಒಬ್ಬರ ಕಣ್ಣೂ ಕೆಂಪಾಗಲಿಲ್ಲ. ಅಂಥ ಚೀಟಿ ನನಗೇ ಯಾಕೆ ಬರೆಯುತ್ತಿದ್ದಿರಿ, ನಿಮಗೆ ಮೊದಲೇ ಗೊತ್ತಿತ್ತೇ ಎಂದು ನಾನು ಕೇಳುವುದಿಲ್ಲ. ನೀವು ಅಲ್ಲಿ ಕೂತು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರುವುದು ನಗು ಬಂದೋ ಬೇರೆ ಏನೋ, ಅದನ್ನೂ ಕೇಳುವುದಿಲ್ಲ.

ಅಗೋ, ಮೂರನೇ ಸಾಲಿನಲ್ಲಿ ನಮ್ಮ ಮನೆಯವಳು ಎದ್ದು ನಿಂತಿದ್ದಾಳೆ. ನನ್ನ ಮಾತಿಗೆ ಕೋಪ ಬಂದು ಎದ್ದಳೆಂದು ಯಾರೂ ತಿಳಿಯಬೇಡಿ. ಕೋಪವೂ ಇದ್ದೀತು. ಆದರೆ ಗಂಟೆ ಮೂರಾಯಿತು, ಶಾಲೆ ಬಿಡುವ ಹೊತ್ತು. ವ್ಯಾನು ಹೊರಗೆ ನಿಂತಿದೆ, ಶಾಲೆಯ ಗೇಟಿನ ಬಳಿ ಮಕ್ಕಳು ಕಾಯುತ್ತಾರೆ. ನನ್ನ ಭಾಷಣ ಮುಗಿಯಲಿ ಎಂದು ಅವಳು ನಿಲ್ಲುವವಳಲ್ಲ, ನಿಲ್ಲಲೂಬಾರದು. ದಯವಿಟ್ಟು ಬಾಗಿಲ ಹತ್ತಿರದವರು ಕುರ್ಚಿ ಸ್ವಲ್ಪ ಸರಿಸಿ, ಡ್ರೈವರಮ್ಮನಿಗೆ ದಾರಿ ಬಿಡಿ.

ಹೀಗೆ ಹೆಂಡತಿ ಹೊರಟು ನಿಂತ ಹೊತ್ತಿನಲ್ಲಿ ಗಂಡ ಮಾತು ನಿಲ್ಲಿಸುವುದು ಒಳ್ಳೆಯದು. ಅಧ್ಯಕ್ಷರಿಗೆ, ಐದು ನಿಮಿಷವನ್ನು ಇಷ್ಟು ಎಳೆದರೂ ತಡೆಯದ ನಿಮ್ಮೆಲ್ಲರಿಗೆ, ಮತ್ತು ಆ ದಿನ ಲೈಸೆನ್ಸಿನ ಫೋಟೋ ಹುಡುಕಿಸಿ ನನ್ನ ಹೆಂಡತಿಯ ಮುಖವನ್ನು ನನಗೆ ತೋರಿಸಿಕೊಟ್ಟ ಡಾಕ್ಟರಮ್ಮನವರಿಗೆ ತಲೆಬಾಗಿ ವಂದಿಸುತ್ತೇನೆ. ನಮಸ್ಕಾರ.